ಹತ್ತು ಸ್ಕ್ರೀನು, ಒಂದು ಡಬ್ಬಿ

...ಅದಕ್ಕ ಕೈ ಹಚ್ಚಬ್ಯಾಡ್ರಿ ಅಕ್ಕೋರ. ತಡೀರಿ, ಮೊದಲ ಅರಿವಿ ತಗೊಂಡು ಒರಸ್ತೀನಿ. ಇದು ಕೀಬೋರ್ಡ್ ಅಲ್ರಿ, ಈ ಊರಿನ ಮಕ್ಕಳು ಏನೇನ ತಿಂತಾವ ಅಂತ ತಿಳಕೊಳ್ಳಾಕ ಸರಕಾರ ಇಟ್ಟ ಯಂತ್ರ. ಈ ಸಂದ್ಯಾಗ ನೋಡ್ರಿ, ಚುರುಮುರಿ. ಇಲ್ಲಿ ಶೇಂಗಾ ಹೊಟ್ಟು. ಈ ಅಂಟು ಐತಲ್ಲ, ಇದು ಬೆಲ್ಲ... ಬೆಲ್ಲ ಅಂತ ನಾ ನಂಬೇನಿ. ಮೂಸಿ ನೋಡಿಲ್ಲ.

ಕುಂದರ್ರಿ. ಆ ಕುರ್ಚಿ ಬ್ಯಾಡ, ಅದಕ್ಕ ಮೂರ ಕಾಲು. ಇಲ್ಲಿ ಕುಂದರ್ರಿ.

ಶನಿವಾರ ಮುಂಜಾನಿ ಸಾಲಿ, ಹುಡುಗರೆಲ್ಲಾ ಮನಿಗೆ ಹ್ವಾದ್ವು, ಪುಣ್ಯಾ. ನೀವು ಇವತ್ತ ಬಂದು ಹಾಜರಾದದ್ದ ಚಲೋ ಆತು. ಸೋಮವಾರ ನಾ ಕಲಘಟಗಿ ಕಡೆ ಹೊಂಟೆ, ವರ್ಗ ಆಗೇತಿ. ಇನ್ನ ಈ ಸಾಲಿ ಹೆಡ್ ಮಾಸ್ತರಿಕಿ ನಿಮ್ಮದು. ಬ್ಯಾರೇ ಎಲ್ಲಾ ಒಪ್ಪಿಸಿದೆ, ಈ ಕಂಪ್ಯೂಟರ್ ಖೋಲಿ ಒಂದು ಉಳದಿತ್ತು. ತಗೋರಿ ಚಾವಿ. ಚಾವಿ ನಿಮ್ಮ ಕೈಯಾಗ ಬಂತಂದ್ರ ಆತು, ಇಲ್ಲಿ ಇದ್ದದ್ದಕ್ಕೂ ನೀವ, ಇಲ್ಲದ್ದಕ್ಕೂ ನೀವ.

ನೋಡಿ ತಗೋತೀನಿ ಅಂತೀರಿ? ನೋಡ್ರಿ. ಬ್ಯಾಡ ಅಂದವರ್ಯಾರು. ಮೂಗ ಮುಚ್ಕೊಂಡು ನೋಡ್ರಿ ಅಷ್ಟ.

ಹತ್ತ ಸ್ಕ್ರೀನು, ಹತ್ತ ಕೀಬೋರ್ಡು, ಹತ್ತ ಮೌಸು. ಎಣಸ್ರಿ ಬೇಕಾದ್ರ. ಯರಗುಪ್ಪಿ ದಾಟಿ ಈ ಕಡೆ ಇಂಥಾದ್ದ ಯಾವ ಸಾಲ್ಯಾಗೂ ಇಲ್ಲ ಅಂತ ಉದ್ಘಾಟನಾ ದಿವಸ ಭಾಷಣ ಮಾಡಿದ್ರು. ಇದನ್ನ ಜೋಡಸಾಕ ಬಂದ ಹುಡುಗ ಒಂದ ಕೈಯಾಗ ಮಿರ್ಚಿ ಹಿಡದಿದ್ದ, ಇನ್ನೊಂದು ಕೈಯಾಗ ವೈರು. ಅವನ ಎಣ್ಣಿ ಬಟ್ಟು ಇನ್ನೂ ಗ್ವಾಡಿ ಮ್ಯಾಲ ಅದಾವ ನೋಡ್ರಿ, ಐದಕ್ಕ ಐದೂ. ಮೂಲ್ಯಾಗ ಸಣ್ಣ ಪೆಟ್ಟಿಗಿ ಕಾಣ್ತೈತಲ್ಲ, ದೀಪ ಮಿಣಿ ಮಿಣಿ ಅನ್ನೂದು? ಹತ್ತೂ ವೈರು ಅದಕ್ಕ ಬಂದು ಕೂಡ್ತಾವ. ಹೊರಗಿನ ಇಂಟರ್ನೆಟ್ಟೂ ಅದರಾಗ ಹಾದು ಬರತೈತಿ. ಅದನ್ನ ಬಿಚ್ಚಿ ನೋಡಿದ್ರ ಒಳಗ ಹಲ್ಲಿ ತತ್ತಿ. ಬೆಚ್ಚಗ ಇರತೈತಿ ನೋಡ್ರಿ, ಬಾಣಂತನಕ್ಕ ಅಡ್ಡಿ ಇಲ್ಲ.

ಸಂಜಿ ಆತಂದ್ರ ಕಂಪೌಂಡ್ ಮ್ಯಾಲ ಊರಿನ ಪಡ್ಡೆ ಹುಡುಗರು ಕಾಗಿ ಕುಂತಂಗ ಕುಂದರ್ತಾರ. ಯಾಕಂದ್ರ ಸಾಲಿ ವೈಫೈ ಅಲ್ಲೀತನಕ ಸಿಗತೈತಿ. ಮಕ್ಕಳು ಕಲೀಲಿ ಅಂತ ಕೊಟ್ಟದ್ದರಾಗ ಇವರು ರೀಲ್ಸ್ ನೋಡ್ತಾರ, ಗುಟ್ಕಾ ಉಗುಳತಾರ. ಗ್ವಾಡಿ ಕೆಂಪಗ ಆಗೇತಿ. ಸರಕಾರದ್ದು ಅಂದ್ರ ಮಂದಿಗೆ ತಮ್ಮ ಮಾವನ ಮನೀದು ಇದ್ದಂಗ, ಅಕ್ಕೋರ. ಇದೊಂದು ನನಗ ಹೇಸಿಗಿ. ಅಗದಿ ಹೇಸಿಗಿ.

ಯಾಕ ನಗಾಕತ್ತೀರಿ? ನಗಬ್ಯಾಡ್ರಿ. ಇನ್ನ ಅದೆಲ್ಲಾ ನಿಮಗೂ ಐತಿ.

...ಅದ್ಯಾಕ ಬಟನ್ ಒತ್ತಿದ್ರಿ?

ಹೊತ್ತಿದ್ವು. ಹತ್ತೂ ಹೊತ್ತಿದ್ವು. ಹೊತ್ತಿದ್ರ ಏನಾತು? ಓದ್ರಿ, ಹತ್ತರ ಮ್ಯಾಲೂ ಅದ ಒಂದ ಮಾತು. ಮೂಲ ಯಂತ್ರ ಸಿಗವಲ್ದು, ವೈರು ನೋಡ್ಕೋರಿ ಅಂತ. ಭಜನಿ ಮಂಡಳಿ ಇದ್ದಂಗ, ಒಬ್ಬ ಅಂದದ್ದ ಹತ್ತೂ ಮಂದಿ ಅಂತಾರ.

ಹತ್ತು ಕಂಪ್ಯೂಟರ್ ಅಂತ ಬಾಗಲದ ಮ್ಯಾಲ ಬರದೈತಿ, ಖರೆ. ಇರೂದು ಒಂದ. ಇವು ಕಂಪ್ಯೂಟರ್ ಅಲ್ಲಾ. ನಿಮಗ ಹೆಂಗ ಹೇಳಲಿ... ಸಾವಕ್ಕನ್ನ ನೋಡಿದ್ರಲ್ಲ, ಬಿಸಿಊಟ ಮಾಡಾಕಿ, ಈಗ ಬಾಗಲದಾಗ ಎದುರಾದಳಲ್ಲ? ಸಾವಕ್ಕ ಒಬ್ಬಾಕಿ, ಒಲಿ ಒಂದ, ಪಂಕ್ತಿಗೆ ತಾಟು ಹತ್ತು. ಪ್ರತಿ ಹುಡುಗನೂ ತನ್ನ ತಾಟಿನ್ಯಾಗ ಪೂರಾ ಊಟ ನೋಡ್ತಾನ, ಸಾವಕ್ಕ ತನಗಷ್ಟ ಅಡಗಿ ಮಾಡ್ಯಾಳ ಅಂತ ತಿಳೀತಾನ. ಇದೂ ಹಂಗ. ಇವು ತಾಟು. ಅಡಗಿ ಆಗೂದು ಒಂದು ದೊಡ್ಡ ಡಬ್ಬ್ಯಾಗ. ಆ ಡಬ್ಬಿ ತನ್ನ ತಲೀನ ಹತ್ತ ಪಾಲ ಮಾಡಿ, ಒಬ್ಬೊಬ್ಬರ ಮುಂದೂ ಒಂದೊಂದು ಪೂರಾ ಕಂಪ್ಯೂಟರ್ ಇದ್ದಂಗ ತೋರಸ್ತೈತಿ. ಹುಡುಗರು ಬರದದ್ದು, ಚಿತ್ರ ತಗದದ್ದು, ಎಲ್ಲಾ ಉಳಿಯೂದು ಆ ಡಬ್ಬಿ ಹೊಟ್ಟ್ಯಾಗ. ಸ್ಕ್ರೀನಿನ್ಯಾಗ ಒಂದ ಅಕ್ಷರ ಉಳಿಯಂಗಿಲ್ಲ. ಇದನ್ನ ಒಡೀರಿ, ತಿಪ್ಪಿಗೆ ಒಗೀರಿ, ಡಬ್ಬಿಗೆ ಏನೂ ಆಗೂದಿಲ್ಲ. ತಾಟಿಗೆ ನೀರ ಸುರುವಿದ್ರ ಒಲಿ ಆರತೈತೇನ್ರಿ?

ತಿಳೀತಲ್ಲ? ನಾ ಹೇಳಿದ್ರ ಯಾರಿಗಾದ್ರೂ ತಿಳೀತೈತಿ. ಇಪ್ಪತ್ತ ವರ್ಷದ ಮಾಸ್ತರಿಕಿ.

ಡಬ್ಬಿ?

ಡಬ್ಬಿ ಸುಟ್ಟೈತ್ರಿ. ಅದನ್ನ ಹೇಳೂಣು ಅಂತಿದ್ದೆ, ನೀವು ಬಟನ್ ಒತ್ತಿದ್ರಿ.

ಹೆಂಗ ಅಂದ್ರ ಏನ ಹೇಳಲಿ. ಮಕ್ಕಳ ಕೈಯಾಗ ಕೊಟ್ಟದ್ದು ಎಷ್ಟ ದಿವಸ ಬಾಳಿಕಿ ಬಂದೀತು? ಏಳನೇತ್ತಾ ಹುಡುಗಿ ಒಬ್ಬಾಕಿ, ಕುರಿ ಕಾಯೂ ತಿರಕಪ್ಪನ ಮಗಳು. ಮಂಜುಳಾ ಅಂತ. ಬರೂದ ಕುರಿ ವಾಸನಿ ಹೊತ್ಕೊಂಡು. ಕೈಗೆ ಹಿಕ್ಕಿ, ಉಗರಾಗ ಮಣ್ಣು. ಕೈ ತೊಳ್ಕೊಂಡು ಬಾ ಅಂತ ಕಳಿಸಿದ್ರ, ತೊಳದ ಕೈಯಾಗ ನೀರಿನ ಬಾಟ್ಲಿ ಹಿಡ್ಕೊಂಡು ಒಳಗ ಬಂದ್ಲು. ಮುಚ್ಚಳ ಸಡ್ಲ. ಕೀಬೋರ್ಡ್ ಮ್ಯಾಲ ಬಾಟ್ಲಿ ಸುರುವಿದ್ಲು. ಮರುದಿವಸ ಡಬ್ಬಿ ಸುಟ್ಟಿತ್ತು.

ಹೊಡೀಲಿಲ್ರಿ. ನಾ ಮಕ್ಕಳಿಗೆ ಕೈ ಎತ್ತೂ ಪೈಕಿ ಅಲ್ಲ. ಪ್ರಾರ್ಥನಾದಾಗ ನಿಂದರ್ಸಿ ಎಲ್ಲಾರಿಗೂ ತಿಳಿಸಿ ಹೇಳಿದೆ, ಒಬ್ಬರ ಅಲಕ್ಷ್ಯಕ್ಕ ಹತ್ತು ಮಂದಿ ಕಲಿಯೂದು ಹೆಂಗ ನಿಂತು ಹೋಗತೈತಿ ಅಂತ. ನೀತಿ ಪಾಠ. ಅಷ್ಟ.

ಮರುವಾರ ಅವರಪ್ಪ ಒಂದು ಟಗರು ಎಳ್ಕೊಂಡು ಬಂದ. ಸಾಲಿ ಮುಂದಿನ ಗಿಡಕ್ಕ ಕಟ್ಟಿ, ರಿಪೇರಿಗೆ ಇದನ್ನ ಇಟ್ಕೋರಿ ಸಾಹೇಬ್ರ ಅಂತ ಕೈ ಮುಗದ. ನಾವು ಲಿಂಗಾ ಕಟ್ಟಿದ ಮಂದಿ, ಟಗರು ತಗೊಂಡು ನಾ ಏನ ಮಾಡ್ಲಿ? ತಿರುಗಿ ಒಯ್ಯೋ ಅಂದೆ. ಒಯ್ಯಲಿಲ್ಲ. ಆ ವಾಸನಿ, ಅಕ್ಕೋರ, ಮೂರ ದಿವಸ ಆಫೀಸಿನ್ಯಾಗ ಕುಂದರಾಕ ಆಗಲಿಲ್ಲ. ಕಡೀಕ ಸಂತಿಗೆ ಕಳಿಸಿ ಮಾರಿಸಿ, ಈ ಖೋಲಿಗೆ ಕೀಲಿ ತರಿಸಿದೆ. ಈ ಚಾವಿ ಅದರದ. ಸಾಲಿ ಕೆಲಸಕ್ಕ ಬಂತಲ್ಲ, ಅಷ್ಟ ಸಮಾಧಾನ.

ಆ ಹುಡುಗಿ? ಬರವಲ್ಲಳು. ಅಪ್ಪನ ಜೋಡಿ ಕುರಿ ಹಿಂದ ಹೊಂಟಾಳ. ನಾನ ಸಾವಕ್ಕನ ಕೈಲೆ ಹೇಳಿ ಕಳಿಸಿದೆ, ಕ್ಷಮಾ ಮಾಡೇನಿ, ಬಾ ಅಂತ. ನಾಚಿಕಿ ಅಂತ ಆಕಿಗೆ. ಇಂಥಾ ಮಂದಿಗೆ ನಾಚಿಕಿ ಬ್ಯಾರೆ.

ಎಲ್ಲಿ ಕುಂದರತಿದ್ಲು ಅಂದ್ರ? ಅಕಾ, ಅಲ್ಲಿ, ಕಿಡಕಿ ಬಾಜು, ಕಡೀ ಜಾಗಾ. ಆ ಕೀಬೋರ್ಡ್ ಮ್ಯಾಲ ಚೆಲ್ಲಿದ್ಲು. ಅದು ಈಗೂ ಚಾಲೂ ಐತಿ ಬಿಡ್ರಿ, ಒಣಗಿಸಿದ್ವಿ.

ಡಬ್ಬಿ ಇಲ್ಲಿರಲಿಲ್ಲ. ಅಂಥಾದ್ದನ್ನ ಇಲ್ಲಿ ಯಾರ ಇಡ್ತಾರ? ನನ್ನ ಆಫೀಸಿನ ಟ್ರೆಜರಿ ಕಪಾಟಿನ್ಯಾಗ, ಗ್ವಾಡಿ ಆಚೆ ಕಡೆ. ಇಲ್ಲಿಂದ ಒಂದ ವೈರು ಆ ತೂತಿನ್ಯಾಗ ಹಾದು...

ಯಾಕ ಆ ತೂತು ನೋಡಾಕತ್ತೀರಿ?

ಹೌದ್ರಿ, ನಾನ ಅಂದೆ. ತಾಟಿಗೆ ನೀರ ಸುರುವಿದ್ರ ಒಲಿ ಆರಂಗಿಲ್ಲ ಅಂದೆ. ಅದು ಉದಾಹರಣಾ. ಉದಾಹರಣಾನ ಯಾರಾದ್ರೂ ಇಷ್ಟು ಹಿಡ್ಕೊಂಡು ಕುಂದರ್ತಾರೇನ್ರಿ? ನೀರು ವೈರಿನ ಗುಂಟ ಹೋಗಿರಬೇಕು. ಮೇಜಿನಿಂದ ಇಳದು, ಆ ಸಣ್ಣ ಪೆಟ್ಟಿಗಿ ಹೊಕ್ಕು, ಅಲ್ಲಿಂದ ಗ್ವಾಡಿ ದಾಟಿ... ನೆಲ ಆ ಕಡೆ ಇಳಕಲ ಐತಿ.

ಕಪಾಟು ಎತ್ತರದಾಗ ಐತಿ, ಖರೆ. ನೀವು ಆಫೀಸಿನ್ಯಾಗ ನೋಡೀರಿ.

ಡಬ್ಬಿ ಈಗ ಎಲ್ಲೈತಿ ಅಂತೀರಿ?

ಡಬ್ಬಿ ರಿಪೇರಿಗೆ ಹೋಗೇತಿ. ಸಂಶಿಗೆ. ನಮ್ಮ ಮನ್ಯಾಕಿ ತಮ್ಮ, ಮಡಿವಾಳೆಪ್ಪ, ಅಲ್ಲಿ ಆನ್‌ಲೈನ್ ಸೆಂಟರ್ ಇಟ್ಟಾನ. ಹೊಲದ ಉತಾರ ತಗದ ಕೊಡ್ತಾನ, ಬೆಳಿ ವಿಮಾ ತುಂಬತಾನ. ಇಂಥಾವೆಲ್ಲಾ ಅವಗ ಗೊತ್ತು. ಸುಟ್ಟೈತಿ ಅಂದ್ರ... ಪೂರಾ ಸುಟ್ಟಿಲ್ಲ. ಚಾಲೂ ಆಗತೈತಿ. ಚಾಲೂ ಆದದ್ದನ್ನ ನಾಕ ದಿವಸ ನಡೆಸಿ ನೋಡಬೇಕಲ್ರಿ, ಎಮ್ಮಿ ಕೊಂಡ್ರ ಹಿಂಡಿ ನೋಡಂಗಿಲ್ಲ? ಅದಕ್ಕ ಅಂವಾ ಅದಕ್ಕ ನಾಕ ಸ್ಕ್ರೀನು ಹಚ್ಚಿ ನಡಸ್ಯಾನ. ನಾಕ ಹುಡುಗೇರು ಕುಂತು ವಿಮಾ ತುಂಬತಾರ. ಮಂದಿಗೂ ಉಪಕಾರ ಆತು. ಆ ಹುಡುಗಿ ನೀರ ಚೆಲ್ಲೂಕಿಂತಾ ಮೊದಲಿಂದಾನೂ ಅವಗ ಇಂಥಾದ್ದೊಂದು ಬೇಕಾಗಿತ್ತು...

ಅಂದ್ರ, ಕೇಳಿದ್ದ. ಕೇಳಿದ್ದ ಅಷ್ಟ.

ಹಂಗ ನೋಡಬ್ಯಾಡ್ರಿ. ಬೈರಿ ಬೇಕಾದ್ರ. ಇಲ್ಲಿ ಧೂಳಾ ತಿಂದ್ಕೊಂಡು ಬಿದ್ದದ್ದು ಅಲ್ಲಿ ಕೆಲಸಕ್ಕ ಬಂತು. ಹುಡುಗರು ಏನ ದೊಡ್ಡದ ಮಾಡತಿದ್ರು ಇದರಾಗ? ಆಕಿ, ಆ ಮಂಜುಳಾ, ಒಂದೇ ಸವನ ಕುರಿ ಚಿತ್ರ ತಗೀತಿದ್ಲು. ಒಂದೊಂದು ಕುರಿಗೆ ಒಂದೊಂದು ನಮೂನಿ ಮಾರಿ. ಯಾವುದು ಯಾವುದು ಅಂತ ಹೆಸರು ಬರದು... ಅವೆಲ್ಲಾ ಈಗ ಇಲ್ರಿ. ಜಾಗಾ ಸಾಲವಲ್ದು ಅಂತ ಮಡಿವಾಳೆಪ್ಪ ಅಳಸಿದ. ಬ್ಯಾರೆ ಎಲ್ಲೂ ಇಟ್ಟಿರಲಿಲ್ಲ.

ಎಲ್ಲಿಗೆ ಎದ್ರಿ? ಚಾವಿ... ಚಾವಿ ಇಲ್ಲೆ ಬಿಟ್ರಿ ಅಕ್ಕೋರ.

ತಿರಕಪ್ಪನ ಕುರಿ ಎಲ್ಲಿ ಮೇಯತಾವ ಅಂತ ನನ್ನ ಕೇಳಿದ್ರ? ಸಾವಕ್ಕನ್ನ ಕೇಳ್ರಿ, ಆಕಿಗೆ ಗೊತ್ತಿರತೈತಿ. ಹಳ್ಳದ ದಂಡೀಗೆ ಇದ್ದಾರು. ಚಪ್ಪಲ್ ಮ್ಯಾಲ ಹೋಗಬ್ಯಾಡ್ರಿ, ಎರಿ ಮಣ್ಣು, ಮೊನ್ನೆ ಮಳಿ ಆಗೇತಿ, ಹಿಡ್ಕೋತೈತಿ... ಹೋಗ್ತೀರಿ ಅಂದ್ರ ಹೋಗ್ರಿ. ನೀರಿಂದ ಡಬ್ಬಿ ಕೆಡಲಿಲ್ಲ ಅಂತ ಹೇಳಾವ್ರಿದ್ರ ಅಪ್ಪಗ ಹೇಳ್ರಿ, ಅಂವಾ ಸುಮ್ಮನ ಕೇಳ್ಕೊಂಡು ಹೂಂ ಅಂತಾನ. ಆ ಹುಡುಗಿ ಮುಂದ ಬ್ಯಾಡ.

ಆಕಿಗೇ ಹೇಳ್ತೀರಿ?

ಹಂಗಾದ್ರ ಪೂರಾ ಹೇಳ್ರಿ ಅಕ್ಕೋರ, ಅರ್ಧಾ ಹೇಳಬ್ಯಾಡ್ರಿ. ನೀರ ಚೆಲ್ಲಿದ್ದು ಆಕೀನ. ಅದೊಂದು ಖರೆ ಐತಿ. ಅದನ್ನೂ ಹೇಳ್ರಿ.