ತಾಲೀಮಿಗೆ ಬಂದವನು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಇದು ಎಲ್ಲೋ ಯಾರಿಗೋ ಆದದ್ದಲ್ಲ. ಇಲ್ಲೇ ಪುಣೆಯ ಕೊಂಢವಾದಲ್ಲಿ, ನಮ್ಮ ಪಕ್ಕದ ಮನೆಯ ತ್ರಿವೇಣಿಗೆ ಆದದ್ದು. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ.

ನಾಟಕದ ತಾಲೀಮು ಮುಗಿಸಿ ತ್ರಿವೇಣಿ ಒಬ್ಬಳೇ ಮನೆಗೆ ಹೊರಟಿದ್ದಳು. ಹತ್ತು ಗಂಟೆ ದಾಟಿತ್ತು. ಹಾಳು ಬಾವಿಯ ಪಕ್ಕದ ಆಲದ ಮರದ ಹತ್ತಿರ ಬಂದಾಗ ಹಿಂದಿನಿಂದ... ಕಿಣ್.

ನಿಂತಳು. ಏನೂ ಇಲ್ಲ. ನಡೆದಳು. ಕಿಣ್... ಕಿಣ್... ಖಾಲಿ ಸ್ಟೀಲ್ ಡಬ್ಬಿಯೊಳಗೆ ಚಮಚ ಅಲುಗಾಡುವ ಸದ್ದು. ಕೆಲಸ ಮುಗಿಸಿ ಮನೆಗೆ ಹೋಗುವವರ ಚೀಲದಲ್ಲಿ ಕೇಳಿಸುತ್ತದಲ್ಲ, ಅದೇ.

"ಅಕ್ಕಾರ..."

ದನಿಯ ಗುರುತು ಸಿಕ್ಕಿತು. ಅದಕ್ಕೇ ಅವಳು ತಿರುಗಲಿಲ್ಲ. ಅದು ಮಾಂತುವಿನ ದನಿ. ಮಾಂತು ಸತ್ತು ಎರಡು ತಿಂಗಳಾಗಿತ್ತು.

ಮಾಂತು ಹಿಂದಿನ ಓಣಿಯ ಸಾವಂತ್ರವ್ವನ ಒಬ್ಬನೇ ಮಗ. ಕಟ್ಟಡದ ಕೆಲಸಕ್ಕೆ ಹೋದವನು ಏಳನೆಯ ಮಹಡಿಯಿಂದ ಬಿದ್ದ. ತ್ರಿವೇಣಿಗೆ ಹಗಲು ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ನಾಟಕದ ಹುಚ್ಚು. ಆಗ ಅವಳು ಎರಡೂವರೆ ಸಾವಿರ ವರ್ಷ ಹಳೆಯ ಗ್ರೀಕ್ ದುರಂತ ನಾಟಕವೊಂದನ್ನು ಇವತ್ತಿನ ಪುಣೆಗೆ ತರುತ್ತಿದ್ದಳು. ಅರಮನೆ ಹೋಗಿ ಅರ್ಧ ಕಟ್ಟಿದ ಟವರ್ ಆಯಿತು. ರಾಜ ಬಿಲ್ಡರ್ ಆದ. ಎಲ್ಲ ಕೂಡಿಬಂತು, ಮೇಳವೊಂದು ಬಿಟ್ಟು. ಸತ್ತವರಿಗಾಗಿ ಹಾಡಿ ಅಳುವ ಹೆಂಗಸರ ಮೇಳವೇ ಆ ನಾಟಕದ ಜೀವ. ಇವಳ ನಟಿಯರು ಅತ್ತರೆ ನೆಗಡಿಯಾದವರ ಹಾಗೆ ಕೇಳಿಸುತ್ತಿತ್ತು.

ಮಾಂತುವಿನ ಹೆಣದ ಮುಂದೆ ಸಾವಂತ್ರವ್ವ ಹಾಡಿಕೊಂಡು ಅತ್ತಳು. "ಏಳೋ ಮಾಂತೂ... ರೊಟ್ಟಿ ಬಡದೀನಿ, ಉಣ್ಣಾಕ ಏಳೋ..." ತ್ರಿವೇಣಿ ಒಂದು ಕೈಯಲ್ಲಿ ಮುದುಕಿಯ ಬೆನ್ನು ಸವರುತ್ತಿದ್ದಳು. ಇನ್ನೊಂದು ಕೈಯಲ್ಲಿ, ಸೆರಗಿನ ಕೆಳಗೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಹೇಳಲು ನನಗೇ ನಾಚಿಕೆಯಾಗುತ್ತದೆ.

ನಾಟಕದ ಸೌಂಡ್ ನೋಡಿಕೊಳ್ಳುತ್ತಿದ್ದವನು ಮಗರಪಟ್ಟಾದ ಕಂಪನಿಯೊಂದರ ಅಶ್ವಿನ್. ಕೇಳಿ ಬೆರಗಾದ. "ಏನ್ ವಾಯ್ಸು ಮೇಡಂ! ಪರ್ಮಿಷನ್ ತಗೊಂಡಿದೀರ ತಾನೆ?"

"ಹೂಂ" ಎಂದುಬಿಟ್ಟಳು.

ಸಾವಂತ್ರವ್ವನ ಊರ ಕಡೆ ಹೆಣ ಎತ್ತಿದ ಮೇಲೆ ಹೆಸರು ಹಿಡಿದು ಕರೆದು ಅಳುವುದಿಲ್ಲ. ಕರೆದರೆ ಬರುತ್ತಾರಂತೆ. ತ್ರಿವೇಣಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದು ನಾಟಕ, ನಡೆಯುತ್ತದೆ ಅಂದುಕೊಂಡಳು. ದಿನಾ ಸಂಜೆ ತಾಲೀಮಿನಲ್ಲಿ ಆ ದನಿ ಹಾಕಿಸಿದಳು.

ಈಗ ಆಲದ ಕೆಳಗೆ ಡಬ್ಬಿಯ ಸದ್ದು ನಿಂತಿತು. ಬೆನ್ನ ಹತ್ತಿರವೇ ಪಿಸುಮಾತು.

"ದಿನಾ ಕರೀತೀರಲ್ರಿ... ಬಂದೀನಿ."

ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು.

"ಅವ್ವನ ದನಿ ಕೇಳಿ ಬರ್ತೀನ್ರಿ... ಅವ್ವ ಇರಂಗಿಲ್ಲ. ಎಲ್ಲಿ ಅದಾಳ್ರಿ ಅವ್ವ?"

ಓಡಿದಳು. ಅದು ಬೆನ್ನು ಹತ್ತಿ ಬರಲಿಲ್ಲ. ಆಲದ ಕೆಳಗೇ ಕಾಯುತ್ತ ಉಳಿಯಿತು... ಕಿಣ್... ಕಿಣ್...

ಬೆಳಗಾದದ್ದೇ ತಡ, ಸಾವಂತ್ರವ್ವನ ಮನೆಗೆ ಹೋದಳು. ಇವಳು ಬಾಯಿ ಬಿಡುವ ಮೊದಲೇ ಮುದುಕಿ ತನ್ನ ಸಂಕಟ ತೋಡಿಕೊಂಡಳು. "ಬಾ ತಂಗಿ. ಮೊದಲ ಮಾಂತು ದಿನಾ ಕನಸಿನಾಗ ಬಂದು ಉಂಡು ಹೋಗ್ತಿದ್ದ. ತಿಂಗಳಾತು, ಬರೂದ ಬಿಟ್ಟಾನ. ನನ್ನ ಮ್ಯಾಲ ಭಾಳ ಸಿಟ್ಟಾಗ್ಯಾನೋ ಏನೋ."

ತ್ರಿವೇಣಿ ಕಾಲು ಹಿಡಿದಳು. ಎಲ್ಲ ಹೇಳಿದಳು. ಎದುರಿಗೇ ರೆಕಾರ್ಡಿಂಗ್ ಅಳಿಸಿದಳು. ಸಾವಂತ್ರವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಷ್ಟ ದಿನ ಕರದಿ?"

"ಇಪ್ಪತ್ತಾರು ದಿನ್ರೀ ಅವ್ವಾ."

"ಇಪ್ಪತ್ತಾರು ದಿನ ನನ್ನ ಕೂಸಿನ್ನ ಊಟಕ್ಕ ಕರದು, ಉಪಾಸ ಕಳಿಸೀಯೇನ?"

ಆಮೇಲೆ ಮುದುಕಿಯೇ ಮೆಲ್ಲಗೆ ಕೇಳಿದಳು, "ನಾಟಕ ಎಂದು ಅದ? ನಾನೂ ಬರ್ತೀನಿ. ಅವಂಗ ಅಲ್ಲಿಗೆ ಬಂದು ರೂಢಿ ಆಗೇದ."

ಪ್ರಯೋಗದ ದಿನ ಸಾವಂತ್ರವ್ವ ಕೊನೆಯ ಸಾಲಿನಲ್ಲಿ ಕೂತಳು. ಪಕ್ಕದ ಕುರ್ಚಿಯಲ್ಲಿ ಬಟ್ಟೆಯ ಗಂಟಿಟ್ಟು, ಬಿಚ್ಚಿದಳು. ಅಲ್ಲಿ ಯಾರನ್ನೂ ಕೂರಗೊಡಲಿಲ್ಲ. ಅಳು ಬರಬೇಕಾದ ಜಾಗ ಬಂತು. ಅಶ್ವಿನ್ ಏನೂ ಹಾಕಲಿಲ್ಲ. ನಟಿಯರು ಬಾಯಿ ತೆರೆದು ನಿಂತರು, ದನಿಯಿಲ್ಲ. ಇಡೀ ಸಭಾಂಗಣ ಮೌನ...

ಕಟಂ.

ಕೊನೆಯ ಸಾಲಿನಿಂದ. ಕಟಂ... ಕಟಂ... ಒಣಗಿದ ಖಡಕ್ ರೊಟ್ಟಿ ಕಡಿಯುವ ಸದ್ದು. ಬಹಳ ಹಸಿದವರು ತಿನ್ನುವ ಹಾಗೆ, ಗಬಗಬ. ಅಲ್ಲಿದ್ದವರೆಲ್ಲ ಕೇಳಿದ್ದಾರೆ. ನಾಲ್ಕು ಜನ ತಿರುಗಿ ಮುದುಕಿಗೆ "ಶ್ಶ್" ಅಂದರು ಕೂಡ. ತ್ರಿವೇಣಿ ಪರದೆಯ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ನಾಟಕ ಮುಗಿದಾಗ ಆ ಬಟ್ಟೆಯಲ್ಲಿ ರೊಟ್ಟಿಯ ಚೂರೂ ಉಳಿದಿರಲಿಲ್ಲ. ಮುದುಕಿಯೇ ತಿಂದಿರಬೇಕು ಅನ್ನುತ್ತೀರಿ. ಅನ್ನಿ. ಆದರೆ ಸಾವಂತ್ರವ್ವನನ್ನು ನಾನು ಹತ್ತು ವರ್ಷದಿಂದ ಬಲ್ಲೆ, ದೇವರಾಣೆ ಮಾಡಿ ಹೇಳುತ್ತೇನೆ. ಅವಳ ಬಾಯಲ್ಲಿ ಒಂದು ಹಲ್ಲೂ ಇಲ್ಲ.