ಗಡಿಯ ಗುಡಿಸಲಿಗೆ ಎರಡು ಬಾಗಿಲು

ಈ ಸಮಾರಂಭದ ಅಧ್ಯಕ್ಷರೂ, ಕಾರಟಗಿಯ ಅಕ್ಕಿ ಗಿರಣಿಯ ಮಾಲೀಕರೂ, ಸಂಬಂಧದಲ್ಲಿ ನನಗೆ ಬೀಗರೂ ಆದ ಶ್ರೀ ಹಂಪಣ್ಣನವರೇ, ಗಂಗಾವತಿಯಿಂದ ಬಿಸಿಲಲ್ಲಿ ಬಂದ ಅತಿಥಿಗಳೇ, ಸನ್ಮಾನ ಬೇಡ ಬೇಡವೆಂದರೂ ಶಾಲು ಹೊದಿಸಿಯೇ ಬಿಟ್ಟ ರಫೀಕ ಮಾಸ್ತರರೇ, ತಾಯಂದಿರೇ, ಎಡಗಡೆ ಕುಳಿತಿರುವ ಮೇಲಿನ ಕ್ಯಾಂಪಿನ ಸಭಿಕರೇ, ಬಲಗಡೆ ಕುಳಿತಿರುವ ನಮ್ಮ ಕೆಳಗಿನ ಕ್ಯಾಂಪಿನ ಸಭಿಕರೇ, ಇಬ್ಬರ ನಡುವೆ ಸಾಲಾಗಿ ಖಾಲಿ ಇರುವ ಕುರ್ಚಿಗಳೇ,

ನಕ್ಕಿರಿ, ಸಂತೋಷ. ಎರಡೂ ಕ್ಯಾಂಪಿನವರು ಒಂದೇ ಮಾತಿಗೆ ನಕ್ಕು ವರ್ಷವಾಯಿತೆಂದು ಕೇಳಿದ್ದೇನೆ. ಅತಿಥಿಗಳಿಗೆ ತಿಳಿಯಲೆಂದು ಹೇಳುತ್ತೇನೆ. ಈ ಎರಡು ಕ್ಯಾಂಪು ಒಂದೇ ಕಾಲುವೆಯ ನೀರು ನಂಬಿ ಹುಟ್ಟಿದ ಊರುಗಳು. ಹೋದ ಬೇಸಿಗೆಯಲ್ಲಿ ಎರಡನೇ ಬೆಳೆಗೆ ನೀರು ಕೆಳಗೆ ಬರಲಿಲ್ಲವೆಂದು ನನ್ನ ಅಣ್ಣ ಹೊಳಿಯಪ್ಪ ಮೇಲಿನವರ ತೂಬು ಮುಚ್ಚಿದ. ಹಂಪಣ್ಣನವರು ಕೇಳಲು ಹೋದರು. ಮಾತಿಗೆ ಮಾತು ಬೆಳೆಯಿತು, ಸಲಿಕೆ ಮೇಲೆದ್ದವು, ಎರಡೂ ಕಡೆ ತಲೆ ಒಡೆದವು. ನಾನಾಗ ದೇಶದ ಗಡಿಯಲ್ಲಿದ್ದೆ. ನನ್ನ ಮಗಳು ಶಿವಲೀಲಾ ಹಂಪಣ್ಣನವರ ಮನೆಯ ಸೊಸೆ. ಅಂದಿನಿಂದ ಅವಳು ತವರಿನ ಹೊಸ್ತಿಲು ತುಳಿದಿಲ್ಲ. ಈಗ ಅವಳಿಗೆ ಏಳು ತಿಂಗಳು. ಇರಲಿ, ಅದು ಈ ವೇದಿಕೆಯ ವಿಷಯವಲ್ಲ.

ರಫೀಕ ಮಾಸ್ತರರು ನನಗೆ ಕೊಟ್ಟ ವಿಷಯ ‘ನಮ್ಮ ಸೈನ್ಯ ಮತ್ತು ಹೊರದೇಶಗಳ ಸಂಬಂಧ’. ಕೊಡುವಾಗಲೇ ಅವರು ಎಚ್ಚರಿಸಿದ್ದರು: “ಸುಬೇದಾರ ಸಾಹೇಬ್ರ, ಮಂದಿ ಗುಂಡಿನ ಕಥಿ ಕೇಳಾಕ ಬರ್ತಾರ. ಬರೇ ಕಾಯದೆ ಹೇಳಿದ್ರ ಎದ್ದು ಹೊಕ್ಕಾರ ನೋಡ್ರಿ.” ಏನು ಮಾಡಲಿ ಸಭಿಕರೇ? ನಾನು ಸೈನ್ಯದಲ್ಲಿ ಹಾರಿಸಿದ ಗುಂಡಿಗಿಂತ ಕುಡಿದ ಚಹಾವೇ ಹೆಚ್ಚು.

ಸ್ನೇಹದ ದೇಶಗಳ ಸೈನ್ಯ ನಮ್ಮಲ್ಲಿಗೆ ಬರುತ್ತದೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಹಗಲು ಕೂಡಿ ಕವಾಯತು, ಸಂಜೆ ಹಗ್ಗ ಜಗ್ಗಾಟ. ಒಮ್ಮೆ ಮರುಭೂಮಿಯ ಶಿಬಿರದಲ್ಲಿ ಒಬ್ಬ ಪರದೇಶದ ಹವಾಲ್ದಾರನಿಗೆ ನಮ್ಮ ಮನೆಯ ಶೇಂಗಾ ಚಟ್ನಿ ತಿನ್ನಿಸಿದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಮತ್ತೆ ಕೈಯೊಡ್ಡಿದ. ಇದೆಲ್ಲ ಮೋಜೇ? ಅಲ್ಲ. ಅವರ ರೇಡಿಯೋಕ್ಕೆ ನಮ್ಮ ಮಾತು ತಿಳಿಯಬೇಕು, ಅವರ ಗಾಯಾಳುವನ್ನು ನಮ್ಮ ಡಾಕ್ಟರು ನೋಡುವಂತಿರಬೇಕು, ಭೂಕಂಪವಾದರೆ ಯಾರನ್ನು ಹೆಸರು ಹಿಡಿದು ಕರೆಯಬೇಕೆಂದು ಮೊದಲೇ ಗೊತ್ತಿರಬೇಕು. ನೀರಡಿಕೆಯಾದಾಗ ಬಾವಿ ತೋಡಿದರೆ ಆದೀತೇ?

ಆದರೆ ಗೆಳೆಯರ ಜೊತೆ ಸಂಬಂಧ ಇಟ್ಟುಕೊಳ್ಳುವುದು ಏನು ಮಹಾ? ಮುನಿಸಿಕೊಂಡವರ ಜೊತೆ ಇಟ್ಟುಕೊಳ್ಳಬೇಕು. ನನಗೆ ಸಿಕ್ಕಿದ್ದು ಆ ಕೆಲಸ. ಸೈನ್ಯ ನನ್ನನ್ನು ಎರಡು ವರ್ಷ ಕೂಡಿಸಿ ನೆರೆದೇಶದ ಭಾಷೆ ಕಲಿಸಿ ದುಭಾಷಿ ಮಾಡಿತು. ನನ್ನ ತಾಯಿ ಗಾಬರಿಯಾಗಿದ್ದಳು: “ಯಪ್ಪಾ, ತೆಲುಗು ಮಂದಿ ಇರೋ ಕ್ಯಾಂಪಿನಾಗ ಹುಟ್ಟಿ ನಿನಗ ನೆಟ್ಟಗ ತೆಲುಗು ಬರಲ್ಲ. ಅವರ ಮಾತು ಹೆಂಗ ಕಲೀತಿ?” ಹೇಗೋ ಕಲಿತೆ.

ಗಡಿಯ ಮೇಲೆ ಹಲಗೆಯದೊಂದು ಗುಡಿಸಲು. ಅದಕ್ಕೆ ಎರಡು ಬಾಗಿಲು, ಒಂದು ಅವರ ಕಡೆಗೆ, ಒಂದು ನಮ್ಮ ಕಡೆಗೆ. ಯಾಕೆ ಹೇಳಿ? ಯಾರು ಮೊದಲು ಬಂದರು, ಯಾರು ತಲೆ ತಗ್ಗಿಸಿದರು ಎಂಬ ಮಾತೇ ಹುಟ್ಟಬಾರದು. ಗಡಿಯಾರ ನೋಡಿಕೊಂಡು ಎರಡೂ ಬಾಗಿಲು ಒಂದೇ ಹೊತ್ತಿಗೆ ತೆರೆಯುತ್ತವೆ. ಈ ಸಲ ಅವರ ಚಹಾ, ಮುಂದಿನ ಸಲ ನಮ್ಮದು. ದುಭಾಷಿಗೆ ಒಂದೇ ಕಟ್ಟಪ್ಪಣೆ: ಸಾಹೇಬರು ಆಡಿದ್ದನ್ನು ಹೇಳಬೇಕು, ಸ್ವಂತದ್ದು ಒಂದು ಅಕ್ಷರ ಸೇರಿಸಬಾರದು.

ಮೊದಲನೇ ದಿನವೇ ನಾನು ಕೆಟ್ಟೆ! ಆ ಕಡೆಯ ಮೇಜರ್ ಒಳಗೆ ಬಂದು ಕುಳಿತ. ಮುಖ ಬಾಡಿತ್ತು. ನಮ್ಮ ಸಾಹೇಬರು ಇನ್ನೂ ಕಾಗದ ಜೋಡಿಸುತ್ತಿದ್ದರು. ನಮ್ಮ ಕಡೆ ಮನೆಗೆ ಬಂದವರ ಮುಖ ಬಾಡಿದ್ದರೆ ಏನು ಕೇಳುತ್ತೇವೆ? ನಾನು ಅವನ ಭಾಷೆಯಲ್ಲಿ ಕೇಳಿಯೇಬಿಟ್ಟೆ, “ಉಂಡಿರೇನ್ರಿ?” ಅಂತ. ಅವನು ಗಡಗಡ ಹೇಳತೊಡಗಿದ. ಎತ್ತರದ ಜಾಗ, ಹೊಟ್ಟೆ ಸರಿ ಇಲ್ಲ, ಎರಡು ದಿನದಿಂದ ಬರೀ ಗಂಜಿ. ಕರ್ನಲ್ ಸಾಹೇಬರು ತಲೆಯೆತ್ತಿದರು: “ಏನಂತೆ?” “ಸರ್, ಅವರದ್ದು ಊಟ ಆಗಿಲ್ಲವಂತೆ.” “ಅವರನ್ನು ಯಾರು ಕೇಳಿದರು?” ನಾನು ಬೂಟು ನೋಡಿಕೊಂಡು ನಿಂತೆ.

ಸರಿಯಾಗಿ ಬೈಸಿಕೊಂಡೆ, ಮುಂದಿನ ಸಭೆಗೆ ನನ್ನನ್ನು ಕರೆಯಲಿಲ್ಲ. ಆದರೆ ಆ ಮೇಜರ್ ಕುಳಿತ ಕೂಡಲೇ ಕೇಳಿದನಂತೆ: “ಊಟ ಕೇಳುವವರು ಎಲ್ಲಿ?” ಅದರ ಮುಂದಿನ ಸಭೆಯಿಂದ ಮೇಜಿನ ತುದಿಯಲ್ಲಿ ನನ್ನ ಕುರ್ಚಿ ಖಾಯಂ ಆಯಿತು. ಅಷ್ಟಕ್ಕೇ ಗಡಿಯ ಜಗಳ ಮುಗಿಯಿತೇ? ಎಲ್ಲಿಯ ಮಾತು! ಹೋದ ಚಳಿಗಾಲಕ್ಕೆ ಮೊದಲು ಎರಡೂ ಕಡೆಯ ಗಸ್ತಿನವರು ಕೈ ಕೈ ಮಿಲಾಯಿಸಿ ಸಭೆಗಳೇ ನಿಂತುಹೋದವು.

ಆದರೆ ಒಂದು ಫೋನ್ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ನಾನು ಅದನ್ನೆತ್ತಿ “ಕೇಳಿಸುತ್ತಿದೆಯೇ?” ಎನ್ನಬೇಕು. ಆ ಕಡೆಯವನು “ಕೇಳಿಸುತ್ತಿದೆ” ಎನ್ನಬೇಕು. ಮುಗಿಯಿತು, ಇಡುವುದು. ನನಗೆ ನಗು ಬಂತು. “ಸರ್, ಮಾತೇ ಇಲ್ಲದ ಮೇಲೆ ಈ ಫೋನ್ ಯಾಕೆ?” ಎಂದು ಕೇಳಿದೆ. ಕರ್ನಲ್ ಸಾಹೇಬರು ನಗಲಿಲ್ಲ. “ಮಾತು ಇದ್ದಾಗ ಫೋನ್ ಯಾರಾದರೂ ಮಾಡುತ್ತಾರೆ, ಗುರುಬಸವ” ಎಂದು ಹೊರಗೆ ಹೋದರು. ಅದೇ ತಿಂಗಳು ಅವರದೊಬ್ಬ ಹುಡುಗು ಸಿಪಾಯಿ ಹಿಮದಲ್ಲಿ ದಾರಿ ತಪ್ಪಿ ನಮ್ಮ ಕಡೆ ಬಂದು ಬಿದ್ದ. ಉಸಿರು ಹತ್ತುತ್ತಿರಲಿಲ್ಲ. ನಮ್ಮ ಡಾಕ್ಟರು ಆಮ್ಲಜನಕ ಹಚ್ಚಿದರು, ನಾನು ಕುಷ್ಟಗಿಯ ಕಂಬಳಿ ಹೊದಿಸಿದೆ, ಫೋನೆತ್ತಿ ವಿಷಯ ಹೇಳಿದೆ. ಸಂಜೆಯೊಳಗೆ ಹುಡುಗ ಅವರ ಕೈ ಸೇರಿದ. ಕಂಬಳಿ ಒಗೆದು ಮಡಚಿ ವಾಪಸು ಬಂತು. ಅದರ ಹಿಂದೆಯೇ ಸಭೆಗಳೂ ಮತ್ತೆ ಶುರುವಾದವು.

ನಾನು ಇದನ್ನು ಹೆಮ್ಮೆಯಿಂದ ಮನೆಗೆ ಹೇಳಿದಾಗ ನನ್ನ ಹೆಂಡತಿ ಪಂಪಾವತಿ ಏನೆಂದಳು ಗೊತ್ತೇ? “ಅದೇನ ದೊಡ್ಡದ್ರಿ? ನಾನೂ ಶಿವಲೀಲಾನೂ ದಿನಾ ಅದನ್ನ ಮಾಡ್ತೀವಿ. ಹೆಂಗದಿಯವ್ವಾ ಅಂತೀನಿ, ಆರಾಮ ಅದೀನಿ ಅಂತಾಳ, ಇಡ್ತೀವಿ. ಇವತ್ತ ಮಾತ್ರ ಒಂದ ಮಾತ ಹೆಚ್ಚಿಗಿ ಅಂದ್ಳು, ನೀವು ಅಜ್ಜ ಆಗ್ತೀರಂತ.” ಗುಡ್ಡದ ತುದಿಯಲ್ಲಿ ಒಬ್ಬನೇ ನಿಂತು ಅತ್ತೆ. ಹೇಳಲು ನನಗೇನೂ ನಾಚಿಕೆಯಿಲ್ಲ.

ನಿವೃತ್ತನಾಗಿ ಊರಿಗೆ ಬಂದೆ. ಬಂದ ದಿನದಿಂದ ಅಣ್ಣನ ಒಂದೇ ರಾಗ: “ಅವರ ಮೊದ್ಲ ಬರ್ಲಿ. ನಾವ್ಯಾಕ ಹೋಗೂದು?” ಮೇಲಿನ ಕ್ಯಾಂಪಿನಲ್ಲೂ ಇದೇ ರಾಗವೆಂದು ಕೇಳಿದೆ. ನಾನೂ ಮೀಸೆ ತಿರುವಿಕೊಂಡು ಕುಳಿತೆ. ಮೊನ್ನೆ ಪಂಪಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ಪರದೇಶದಾಂವಗ ಉಂಡ್ಯಾ ಅಂತ ಕೇಳಿ ಬೈಸಿಕೊಂಡ್ರಿ. ಬೀಗರನ್ನ ಕೇಳಾಕ ಏನ ಧಾಡಿ ನಿಮಗ?” ಮೀಸೆಯಿಂದ ಕೈ ತೆಗೆದೆ.

ರಫೀಕ ಮಾಸ್ತರರು ‘ಸಮಯ’ ಎಂದು ಚೀಟಿ ಕಳಿಸಿದ್ದಾರೆ. ತಡೆಯಿರಿ ಮಾಸ್ತರರೇ, ವಿಷಯ ಈಗ ಬಂತು. ಗಡಿಯ ಗುಡಿಸಲಿಗೆ ಎರಡು ಬಾಗಿಲು. ಹಂಪಣ್ಣನವರ ಮನೆಗೆ ಇರುವುದು ಒಂದೇ ತಲಬಾಗಿಲು. ಅಲ್ಲಿ ಯಾರಾದರೊಬ್ಬರು ಮೊದಲು ಕಾಲಿಡಲೇಬೇಕು. ಅಧ್ಯಕ್ಷರೇ, ಕ್ಷಮಿಸಿ, ಇದನ್ನು ನಾನು ಪುಸ್ತಕದ ಭಾಷೆಯಲ್ಲಿ ಹೇಳಲಾರೆ.

ಬೀಗರ, ಚೊಚ್ಚಲ ಬಾಣಂತನ ತವರಿನಾಗ ಆಗಬೇಕು. ಸೋಮವಾರ ನಾನು, ಪಂಪಾವತಿ ಸೀಮಂತದ ಕುಬಸ ತಗೊಂಡು ನಿಮ್ಮ ಮನಿಗೆ ಬರ್ತೀವಿ. ಹೊಳಿಯಪ್ಪನ್ನೂ ಕರಕೊಂಡು ಬರ್ತೀನಿ. ಏ ಅಣ್ಣಾ, ಕುಂಡ್ರು, ಎದ್ದು ಹೋಗಬ್ಯಾಡ. ತೂಬಿನ ಮಾತು ಆವತ್ತ ಬ್ಯಾಡ, ಅದಕ್ಕ ಬ್ಯಾರೆ ದಿನಾ ಕೂಡೂಣು. ನಿಮ್ಮ ಕಡೆ ನಾಕು ಮಂದಿ, ನಮ್ಮ ಕಡೆ ನಾಕು ಮಂದಿ, ಚಹಾ ನಂದು. ಆದ್ರ ಮಗಳನ್ನ ತೂಬಿಗೆ ಕಟ್ಟೂದು ಬ್ಯಾಡ್ರಿ. ಬರಬ್ಯಾಡ ಅನ್ನೂದಿದ್ರ ಇಲ್ಲೇ ಅಂದುಬಿಡ್ರಿ. ಅವಮಾನ ಆದ್ರ ನನಗ ಆಗ್ಲಿ.

ಅಧ್ಯಕ್ಷರು ನೆಲ ನೋಡುತ್ತಿದ್ದಾರೆ. ಕಾಯೋಣ. ಕಾಯುವುದು ನನಗೆ ರೂಢಿ.

ಏನಂದ್ರಿ? ಕೇಳಿಸಲಿಲ್ಲ, ಇನ್ನೊಮ್ಮೆ ಅನ್ನಿರಿ.

ಸಭಿಕರೇ, ಸೋಮವಾರ ಅಮಾವಾಸ್ಯೆಯಂತೆ! ಅಮಾವಾಸ್ಯೆ ದಿನ ಬಸುರಿಯನ್ನು ಹೊಸ್ತಿಲು ದಾಟಿಸುತ್ತಾರೇನು, ಸುಬೇದಾರನಾದವನಿಗೆ ಅಷ್ಟೂ ತಿಳಿಯದೇ ಎಂದು ಬೈಯುತ್ತಿದ್ದಾರೆ. ಗುರುವಾರ ಬರಬೇಕಂತೆ. ಊಟಕ್ಕೇ ಬರಬೇಕಂತೆ. ಹೊಳಿಯಪ್ಪ ಬರದಿದ್ದರೆ ತಾವೇ ಬಂದು ಎಳೆದುಕೊಂಡು ಹೋಗುತ್ತಾರಂತೆ. ಇಷ್ಟು ವರ್ಷ ಆ ಮೇಜಿನ ಮುಂದೆ ಕುಳಿತ ಅನುಭವದಿಂದ ಹೇಳುತ್ತೇನೆ, ಬರೀ ತಾರೀಖಿಗೆ ತಕರಾರು ತೆಗೆದರೆ ಭೇಟಿಗೆ ಒಪ್ಪಿದಂತೆಯೇ ಲೆಕ್ಕ.

ಚಪ್ಪಾಳೆ ಸಾಕು. ಅಧ್ಯಕ್ಷರಿಗೆ, ಅತಿಥಿಗಳಿಗೆ, ಎಡದವರಿಗೆ, ಬಲದವರಿಗೆ ಕೃತಜ್ಞತೆಗಳು. ಇನ್ನು ಯಾರನ್ನಾದರೂ ಬಿಟ್ಟಿದ್ದರೆ ಮಾಸ್ತರರು ನೆನೆಯಲಿ, ನಾನು ಹೊರಡಬೇಕು. ಸೋಮವಾರ ಬರುತ್ತೇನೆಂದು ಇಷ್ಟು ಜೋರಾಗಿ ಹೇಳಿದೆನಲ್ಲ, ನಿಜ ಹೇಳುತ್ತೇನೆ, ಕುಬಸದ ಹಸಿರು ಸೀರೆಯನ್ನು ನಾವು ಇನ್ನೂ ಕೊಂಡೇ ಇಲ್ಲ. ಕೊಂಡು ತಂದ ಮೇಲೆ ಅವರು ಬೇಡವೆಂದರೆ ಏನು ಗತಿ ಎಂದು ಅಂಗಡಿಯ ಮೆಟ್ಟಿಲು ಹತ್ತಲು ಅಂಜಿದ್ದೆವು. ಪಂಪಾವತಿ, ಕಣ್ಣೀರು ಆಮ್ಯಾಲೆ ಒರೆಸಿಕೊಳ್ಳುವಿಯಂತೆ, ಮೊದಲು ಏಳು, ಅಂಗಡಿ ಮುಚ್ಚುತ್ತಾರೆ. ಎಲ್ಲರಿಗೂ ನಮಸ್ಕಾರ.