ಜೋಡಿ ಸೈಕಲ್ಲಿನ ಹಿಂದಿನ ಸೀಟಿನ ವಿಚಾರ

ಹೇಳಿಕೆ ಕೊಡುತ್ತಿರುವವನು: ಸೈಕಲ್ ರಿಪೇರಿ ಅಂಗಡಿಯವನು, ಊರಿನಲ್ಲಿ ಪಂಚರ್ ಎಂದೇ ಕರೆಯುತ್ತಾರೆ. ವಯಸ್ಸು 54 ವರ್ಷ. ವಾಸ ಬಸ್ ನಿಲ್ದಾಣದ ಹಿಂದಿನ ಎರಡನೇ ಅಡ್ಡರಸ್ತೆ, ಅಂಗಡಿಯ ಮೇಲಿನ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಭಾನುವಾರ, 11ನೇ ತಾರೀಖು, ನನ್ನ ಸ್ವಂತ ಅಣ್ಣ ಜಲಾಶಯದ ಏರಿಯಿಂದ ಕೆಳಗೆ ಬಿದ್ದ ವಿಚಾರವಾಗಿ ಅಂದೇ ಮಧ್ಯಾಹ್ನ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ಆ ಹೇಳಿಕೆಯನ್ನೂ ಅತ್ತಿಗೆ ಕೊಟ್ಟ ದೂರನ್ನೂ ನಂಬಿ ಏರಿಯ ಕಾವಲುಗಾರನನ್ನು ಸೋಮವಾರದಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಅವನದು ಏನೇನೂ ತಪ್ಪಿಲ್ಲ. ಅವನ ಕೆಲಸ ಹೋಗಬಾರದು ಎಂದು, ಯಾರೂ ಕರೆಸದೆ ನಾನಾಗಿ ಬಂದು ಈ ಎರಡನೇ ಹೇಳಿಕೆ ಕೊಡುತ್ತಿದ್ದೇನೆ.

ಅಣ್ಣನಿಗೆ 63 ವರ್ಷ. ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ಮೇಸ್ತ್ರಿಯಾಗಿದ್ದ. ಒಂಬತ್ತು ವರ್ಷದ ಹಿಂದೆ ಕಣ್ಣಿನ ಒತ್ತಡದ ಕಾಯಿಲೆಯಿಂದ ಎರಡೂ ಕಣ್ಣು ಹೋಯಿತು. ಆರು ತಿಂಗಳು ಗೋಡೆಗೆ ಮುಖ ಹಾಕಿ ಕೂತಿದ್ದ. ನೋಡಲಾರದೆ ನಾನು ಎರಡು ಹಳೆಯ ಸೈಕಲ್ಲಿನ ಫ್ರೇಮು ಕತ್ತರಿಸಿ ಬೆಸೆದು ಒಂದು ಜೋಡಿ ಸೈಕಲ್ ಮಾಡಿದೆ. ಮುಂದೆ ನಾನು, ಹಿಂದೆ ಅಣ್ಣ. ಅಂದಿನಿಂದ ಪ್ರತಿ ಭಾನುವಾರ ಜಲಾಶಯದ ಸುತ್ತಿನ ಗರಸು ದಾರಿಯಲ್ಲಿ ಒಂದು ಸುತ್ತು ಹೋಗುತ್ತೇವೆ. ಒಟ್ಟು 19 ಕಿಲೋಮೀಟರ್. ಅಲ್ಲಿ ಮೋಟಾರು ಗಾಡಿ ಬಿಡುವುದಿಲ್ಲ. ಹಾರ್ನ್ ಇಲ್ಲ, ಹೊಗೆ ಇಲ್ಲ, ಅಣ್ಣನಿಗೆ ಪ್ರತಿಯೊಂದೂ ಕಿವಿಗೆ ಸಿಗುತ್ತದೆ.

ನಮ್ಮ ಪದ್ಧತಿ ಹೀಗೆ. ದಾರಿಯಲ್ಲಿ ಕಾಣುವುದನ್ನೆಲ್ಲ ನಾನು ಹೇಳುತ್ತಾ ಹೋಗಬೇಕು. ಉಬ್ಬು, ಗುಂಡಿ, ತಿರುವು ಮಾತ್ರವಲ್ಲ, ಹುಲ್ಲು ಯಾವ ಬಣ್ಣಕ್ಕೆ ತಿರುಗಿದೆ, ನೀರು ಎಷ್ಟು ಇಳಿದಿದೆ, ಎಲ್ಲವನ್ನೂ. ದಾರಿಯಲ್ಲಿ ದನಗಳು ದಾಟದ ಹಾಗೆ ಎರಡು ಕಡೆ ಗೇಟು ಇದೆ. ಗೇಟಿನ ಕೆಲಸ ಅಣ್ಣನದು. ನನಗೂ ಒಂದು ಕೆಲಸ ಬೇಕು ಕಣೋ, ಸುಮ್ನೆ ಮೂಟೆ ಥರ ಕೂರೋಕಾಗಲ್ಲ ಎಂದು ಅವನೇ ಹಟ ಹಿಡಿದು ತೆಗೆದುಕೊಂಡದ್ದು. ಇಳಿದು ಗೇಟು ತೆಗೆದು ಹಿಡಿಯುತ್ತಾನೆ, ನಾನು ಸೈಕಲ್ ತಳ್ಳಿಕೊಂಡು ದಾಟುತ್ತೇನೆ, ಅವನು ಚಿಲಕ ಹಾಕಿ ಬಂದು ಕೂತು ಹಿಂದಿನ ಹ್ಯಾಂಡಲ್ಲಿನ ಗಂಟೆಯನ್ನು ಎರಡು ಸಲ ಬಾರಿಸುತ್ತಾನೆ. ಗಂಟೆ ಕೇಳದೆ ನಾನು ತುಳಿಯುವುದಿಲ್ಲ. ಎಂಟೂವರೆ ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಕುರುಚಲು ಬಯಲು ಮುಗಿದ ಮೇಲೆ ದಾರಿಯ ಎರಡೂ ಬದಿಗೆ 1.3 ಕಿಲೋಮೀಟರ್ ಉದ್ದಕ್ಕೆ ಪೈನ್ ಮರಗಳಿದ್ದವು. ಇಪ್ಪತ್ತಾರು ವರ್ಷದ ಹಿಂದೆ ಆ ಸಸಿಗಳನ್ನು ನೆಡಿಸಿದ್ದು ಅಣ್ಣ. ಈಗ ನಾಲ್ಕು ತಿಂಗಳ ಹಿಂದೆ ಕಾಂಡಕ್ಕೆ ರೋಗ ಬಿದ್ದಿದೆ ಎಂದು ಇಲಾಖೆಯವರು ಅಷ್ಟನ್ನೂ ಕಡಿದರು. ಕಡಿದ ಮೊದಲ ಭಾನುವಾರ ಅಲ್ಲಿಗೆ ಹೋದಾಗ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅಣ್ಣ, ಏನೋ ಅಂಟಿನ ವಾಸನೆ ಜಾಸ್ತಿ ಇದೆಯಲ್ಲೋ ಎಂದು ಕೇಳಿದ. ಗಾಳಿಗೆ ಎರಡು ಮರ ಬಿದ್ದಿವೆ, ಕುಯ್ತಾ ಇದ್ದಾರೆ ಎಂದೆ. ಮುಂದಿನ ವಾರ, ಬೆನ್ನಿಗೆ ಬಿಸಿಲು ಬೀಳ್ತಿದೆಯಲ್ಲ ಎಂದ. ಈ ವರ್ಷ ಎಲೆ ಕಡಿಮೆ ಎಂದೆ. ಹೀಗೆ ನಾಲ್ಕು ತಿಂಗಳು ಇಲ್ಲದ ಕಾಡನ್ನು ತೋರಿಸುತ್ತಾ ಹೋದೆ. ಟ್ಯೂಬಿಗಾದರೆ ಒಂದು ತೇಪೆ ಸಾಕು. ಇದಕ್ಕೆ ವಾರಕ್ಕೊಂದು ಹಾಕಬೇಕಾಯಿತು.

ಏರಿಯ ಕಂಬಿಯ ವಿಚಾರವೂ ಅಂಥದ್ದೇ. ನೀರಿನ ಕಡೆ ಏರಿಯುದ್ದಕ್ಕೂ ಕಬ್ಬಿಣದ ಕಂಬಿ ಇದೆ. ಅದರಲ್ಲಿ 18 ಮೀಟರ್ ತುಕ್ಕು ಹಿಡಿದಿದ್ದರಿಂದ ಭಾನುವಾರಕ್ಕೆ ಹನ್ನೆರಡು ದಿನ ಮುಂಚೆ ರಿಪೇರಿಗೆ ಬಿಚ್ಚಿದರು. ಬಿಚ್ಚಿದ ದಿನವೇ ಸಂಜೆ ಸುಮಾರು 5-30ಕ್ಕೆ ಕಾವಲುಗಾರ ನನ್ನ ಅಂಗಡಿಗೆ ಬಂದ. ಕೆಂಪು ಟೇಪು ಕಟ್ಟಿದ್ದೇನೆ, ಸಾಲಾಗಿ ಕಲ್ಲು ಇಟ್ಟಿದ್ದೇನೆ, ಬೋರ್ಡೂ ನಿಲ್ಲಿಸಿದ್ದೇನೆ, ಆದ್ರೆ ಅಣ್ಣಾವ್ರಿಗೆ ಬೋರ್ಡು ಕಾಣಲ್ವಲ್ಲ, ನೀವೇ ಬಾಯಲ್ಲಿ ಹೇಳಿಬಿಡಿ ಎಂದ. ಹೇಳ್ತೀನಿ ಬಿಡಪ್ಪ ಎಂದೆ. ಹೇಳಲಿಲ್ಲ. ನಾವು ಏರಿಯ ನಡುವೆ ಸೈಕಲ್ಲಿನಲ್ಲಿ ಹೋಗುವವರು, ಕಂಬಿ ಇದ್ದರೇನು ಬಿಟ್ಟರೇನು ಎಂದುಕೊಂಡೆ. ಒಂದು ಬದಲಾಗಿದೆ ಎಂದರೆ ಇನ್ನೇನೇನು ಬದಲಾಗಿದೆ ಎಂದು ಕೇಳುತ್ತಾನೆ ಎಂಬ ಹೆದರಿಕೆಯೂ ಇತ್ತು. ಆ ವಾರ ಏರಿ ದಾಟುವಾಗ ಅಣ್ಣ, ಅದೇನೋ ಪಟಪಟ ಅಂತಿದೆ ಎಂದು ಕೇಳಿದ. ಅದು ಗಾಳಿಗೆ ಟೇಪು ಬಡಿಯುವ ಸದ್ದು. ಕಂಬಿಗೆ ಬಣ್ಣ ಬಳಿದಿದ್ದಾರೆ, ಹಸಿರು, ಯಾರೂ ಮುಟ್ಟದಿರಲಿ ಅಂತ ಟೇಪು ಕಟ್ಟಿದ್ದಾರೆ ಎಂದೆ. ಹಸಿರು ಚೆನ್ನಾಗಿರುತ್ತೆ ಎಂದು ಅಣ್ಣ ಖುಷಿಪಟ್ಟ.

ಅಣ್ಣ ಬಿದ್ದ ಭಾನುವಾರ ಬೆಳಿಗ್ಗೆ 7-10ಕ್ಕೆ ಮೊದಲ ಗೇಟಿನಿಂದ ಹೊರಟೆವು. ಮೋಡ ಇತ್ತು, ಎದುರುಗಾಳಿ. ಬಯಲಿನ 6 ಕಿಲೋಮೀಟರ್ ಅಣ್ಣ ಒಂದು ಮಾತೂ ಆಡಲಿಲ್ಲ. ನಾನು ಎಂದಿನಂತೆ ಹೇಳುತ್ತಾ ಹೋದೆ. 7-50ರ ಸುಮಾರಿಗೆ ಮರಗಳಿದ್ದ ಜಾಗ ಬಂತು. ಈ ಸಲ ಪೈನ್ ತುದಿಯಲ್ಲಿ ಹೊಸ ಚಿಗುರು ಬಂದಿದೆ ನೋಡು ಎಂದೆ. ಅಣ್ಣ ಸೈಕಲ್ ನಿಲ್ಲಿಸು ಎಂದ. ಇಳಿದ. ಕೋಲು ಆಡಿಸುತ್ತಾ ದಾರಿ ಬಿಟ್ಟು ಏಳೆಂಟು ಹೆಜ್ಜೆ ನಡೆದು, ಒಂದು ಬೊಡ್ಡೆಗೆ ಕೋಲು ತಾಗಿದಾಗ ಬಗ್ಗಿ ಅದರ ಮೇಲೆ ಕೈಯಿಟ್ಟು ಕೂತುಬಿಟ್ಟ.

ಕಣ್ಣಾಸ್ಪತ್ರೆಯ ನಿವೃತ್ತ ನರ್ಸಮ್ಮ ಗುರುವಾರ ಸಿಕ್ಕಿದ್ದರಂತೆ. ಅವರೂ ಆ ದಾರಿಯಲ್ಲಿ ಸೈಕಲ್ ತುಳಿಯುವವರು. ಪಾಪ ನಿಮ್ಮ ಮರಗಳೆಲ್ಲ ಹೋದವಲ್ಲ ಎಂದರಂತೆ. ಅಣ್ಣ ಆಗ ಮಾತು ತೇಲಿಸಿ ಮನೆಗೆ ಬಂದು ಭಾನುವಾರದವರೆಗೆ ಕಾದಿದ್ದಾನೆ, ನಾನೇ ಹೇಳಲಿ ಎಂದು. ನಾನು ಚಿಗುರು ತೋರಿಸಿದೆ. ನಿನ್ನನ್ನೇ ನನ್ನ ಕಣ್ಣು ಅಂದ್ಕೊಂಡಿದ್ದೆ, ನೀನು ಕಣ್ಣಿಗೆ ಕಟ್ಟಿದ ಬಟ್ಟೆ ಕಣೋ ಎಂದು ಹೇಳಿದ. ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಎಂದೆ. ನನ್ನ ಮರಕ್ಕೆ ಅಳೋದು ನನ್ನ ಹಕ್ಕು, ಅದನ್ನ ಬೇಡ ಅನ್ನೋಕೆ ನೀನ್ಯಾರು ಎಂದ.

ಮತ್ತೆ ಹತ್ತಿ ಹೊರಟೆವು. ಉಬ್ಬು, ಗುಂಡಿ ಕೂಡ ನಾನು ಹೇಳಲಿಲ್ಲ. 8-20ಕ್ಕೆ ಎರಡನೇ ಗೇಟು ತಲುಪಿದೆವು. ಅಲ್ಲಿಂದ ಏರಿ ಶುರು. ಅಣ್ಣ ಇಳಿದು ಗೇಟು ತೆಗೆದ, ನಾನು ದಾಟಿದೆ. ಚಿಲಕ ಹಾಕುತ್ತಾ ಬೆನ್ನು ತಿರುಗಿಸಿಕೊಂಡೇ, ಮುಂದಿನ ವಾರದಿಂದ ನೀನು ಬರೋದು ಬೇಡ, ನರ್ಸಮ್ಮನ ಜೊತೆ ಹೋಗ್ತೀನಿ, ಸೈಕಲ್ ಕೊಟ್ಟರೆ ಸಾಕು ಎಂದ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಂಗಡಿಗೆ ಬರುವವರೆಲ್ಲರಿಗೂ ಗೊತ್ತು. ಆದರೆ ಅದು ಕೋಪಕ್ಕಿಂತ ಹೊಟ್ಟೆಯುರಿ. ಎಂಟೂವರೆ ವರ್ಷ ನಾನು ತುಳಿದ ದಾರಿಯಲ್ಲಿ ಇನ್ಯಾರೋ ಮುಂದೆ ಕೂರುತ್ತಾರೆ, ಅದೂ ನಾನು ಮಾಡಿದ ಸೈಕಲ್ಲಿನ ಮೇಲೆ! ನಾನು ಸೀಟು ಹತ್ತಿ ತುಳಿದೆ. ಆಗ ಸಮಯ 8-22.

ಹಿಂದೆ ಕೂತಿದ್ದಾನೆ ಎಂದುಕೊಂಡು ಹೊರಟೆ, ಗಾಳಿಯಲ್ಲಿ ಗಂಟೆ ಕೇಳಿಸಿದ ಹಾಗಾಯಿತು ಎಂದು ಭಾನುವಾರ ಬರೆಸಿದ್ದೆ. ಗಂಟೆ ಕೇಳಿಸಲಿಲ್ಲ. ಅಣ್ಣನ ತೂಕ 71 ಕಿಲೋ. ಹಿಂದೆ ಆಳಿಲ್ಲದ ಜೋಡಿ ಸೈಕಲ್ಲು ಗರಸಿನ ಮೇಲೆ ಕುಣಿಯುತ್ತದೆ, ಹಿಂದಿನ ಪೆಡಲು ಖಾಲಿ ತಿರುಗುತ್ತದೆ. ಒಂದು ಸುತ್ತು ತುಳಿದರೆ ಯಾರಿಗಾದರೂ ಗೊತ್ತಾಗುತ್ತದೆ, ಅದನ್ನು ಬೆಸೆದವನಿಗೆ ಗೊತ್ತಾಗದೆ ಇರುತ್ತದೆಯೇ?

900 ಮೀಟರ್ ದೂರದ ಪಂಪ್‌ಹೌಸಿನವರೆಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. 8-26 ಆಗಿತ್ತು. ಬಾಟಲಿಯ ನೀರು ಕುಡಿದೆ. ಕೂಗಲಿ, ನನ್ನ ಹೆಸರು ಹಿಡಿದು ಕೂಗಲಿ, ಆಮೇಲೆ ಹೋಗ್ತೀನಿ ಎಂದು ಕಾದೆ. ಕೂಗು ಬರಲಿಲ್ಲ. ಹನ್ನೊಂದು ನಿಮಿಷ ಕೂತಿದ್ದೆ. 8-37ಕ್ಕೆ ತಿರುಗಿ ಹೊರಟು 8-41ಕ್ಕೆ ಗೇಟಿಗೆ ಬಂದೆ. ಅಲ್ಲಿ ಅಣ್ಣ ಇರಲಿಲ್ಲ. ಚಿಲಕ ಸರಿಯಾಗಿ ಹಾಕಿತ್ತು. ಆಗ ಕಂಬಿ ನೆನಪಿಗೆ ಬಂತು, ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ. ಗೇಟಿನಿಂದ 260 ಮೀಟರ್ ದೂರದಲ್ಲಿ ಕಂಬಿ ಬಿಚ್ಚಿದ ಕಡೆ ಟೇಪು ಹರಿದು ನೇತಾಡುತ್ತಿತ್ತು. ಬರುವಾಗ ಅದರ ಮುಂದೆಯೇ ಹಾದು ಬಂದಿದ್ದೆ, ಆದರೆ ನನ್ನ ಕಣ್ಣು ಗೇಟಿನ ಮೇಲಿತ್ತು. ಬಗ್ಗಿ ನೋಡಿದೆ. ನಾಲ್ಕು ಮೀಟರ್ ಕೆಳಗೆ ಕಲ್ಲಿನ ಇಳಿಜಾರಿನಲ್ಲಿ ಅಣ್ಣ ಬಿದ್ದಿದ್ದ. ಅಲ್ಲಿಂದ ನೀರಿಗೆ ಇನ್ನು ಎರಡು ಮೀಟರ್. ಜ್ಞಾನ ಇತ್ತು. ಬಂದೆಯೇನೋ ಎಂದು ಕೇಳಿದ.

ನನ್ನ ಕಿರುಚಾಟ ಕೇಳಿ ಕಾವಲುಗಾರ ಓಡಿ ಬಂದ. ಆಂಬುಲೆನ್ಸ್ ಒಳಗೆ ಬರಬೇಕಾದರೆ ದಾರಿಯ ಸರಪಳಿಯ ಬೀಗ ತೆಗೆಯಬೇಕು. ಕೀಲಿಗಾಗಿ ಅವನು 1.1 ಕಿಲೋಮೀಟರ್ ಓಡಿದ, ನನ್ನ ಸೈಕಲ್ ಮುಟ್ಟುವ ಯೋಚನೆಯೂ ಅವನಿಗೆ ಬರಲಿಲ್ಲ, ಕೊಡುವ ಯೋಚನೆ ನನಗೂ ಬರಲಿಲ್ಲ. 9-20ಕ್ಕೆ ಆಂಬುಲೆನ್ಸ್ ಬಂತು. ಅಣ್ಣನ ಬಲಗಡೆಯ ಸೊಂಟದ ಮೂಳೆ, ಎಡಗೈಯ ಮಣಿಕಟ್ಟು ಮುರಿದಿದೆ.

ಬಿದ್ದದ್ದು ಹೇಗೆಂದು ಅಣ್ಣ ಸೋಮವಾರ ನನಗೆ ಹೇಳಿದ. ಕಂಬಿಯ ಮೇಲೆ ಎಡಗೈಯಿಟ್ಟು ನಡೆದು ಬಂದಿದ್ದಾನೆ. ಕೈಗೆ ಟೇಪು ಸಿಕ್ಕಿದೆ. ಬಣ್ಣ ಬಳಿದ ಜಾಗ ಇರಬೇಕು, ಕಂಬಿ ಟೇಪಿನ ಹಿಂದೆಯೇ ಇದೆ ಎಂದುಕೊಂಡಿದ್ದಾನೆ. ಕಾಲಿಗೆ ಕಲ್ಲು ತಾಗಿ ಮುಗ್ಗರಿಸಿದಾಗ, ಬಣ್ಣವಾದರೆ ಆಗಲಿ ಎಂದು ಇಲ್ಲದ ಕಂಬಿಯ ಮೇಲೆ ಭಾರ ಹಾಕಿದ್ದಾನೆ.

ಅಣ್ಣ ಪೊಲೀಸರಿಗೆ ಬೇರೆಯೇ ಹೇಳಿದ್ದಾನೆ. ತಾನೇ ತಮ್ಮನನ್ನು ಮುಂದೆ ಹೋಗು ಎಂದು ಕಳಿಸಿ ಒಬ್ಬನೇ ನಡೆದೆ ಎಂದು ಬರೆಸಿದ್ದಾನೆ. ಇಬ್ಬರ ಮಾತೂ ಹೊಂದುವುದಿಲ್ಲ ಎಂದು ಅತ್ತಿಗೆ ಗಮನಿಸಲಿಲ್ಲ. ಅವರಿಗೆ ಹರಿದ ಟೇಪು ಮಾತ್ರ ಕಂಡಿತು. ಒಂದು ಟೇಪು ಕಟ್ಟಿ ಕೈತೊಳ್ಕೊಂಡವನನ್ನ ನಾನು ಸುಮ್ನೆ ಬಿಡಲ್ಲ ಎಂದು ಕಾವಲುಗಾರನ ಮೇಲೆ ದೂರು ಕೊಟ್ಟರು. ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಕಾವಲುಗಾರ ಅಂಗಡಿಗೆ ಬಂದ. ಯೂನಿಫಾರಂ ಇರಲಿಲ್ಲ. ಅಣ್ಣಾವ್ರು ಹೇಗಿದ್ದಾರೆ ಎಂದು ಕೇಳಿದ. ಪರವಾಗಿಲ್ಲ ಎಂದೆ. ಹಾಗಾದರೆ ಸರಿ ಎಂದು ಹೋದ. ನಿಮಗೆ ಹೇಳಿದ್ದೆನಲ್ಲ ಎಂದು ಒಂದು ಮಾತು ಬೈದಿದ್ದರೆ ಈ ಠಾಣೆಗೆ ನಾನು ಬರುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.

ಇಂದು ಬೆಳಿಗ್ಗೆ 9 ಗಂಟೆಗೆ ಆಸ್ಪತ್ರೆಗೆ ಹೋದೆ. ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನನ್ನ ಕಾಪಾಡೋಕೆ ನೀನು ಸುಳ್ಳು ಹೇಳೋದು ಬೇಡ ಎಂದು ಅಣ್ಣನಿಗೆ ತಿಳಿಸಿದೆ. ನಿನ್ನ ಕಾಪಾಡೋಕೆ ಅಂತ ಯಾರು ಹೇಳಿದ್ರು, ತಮ್ಮ ನನ್ನ ಬಿಟ್ಟು ಹೋದ ಅಂತ ಹೆಂಡತಿ ಮುಂದೆ ಹೇಳೋಕೆ ನನಗೆ ನಾಚಿಕೆಯಾಯ್ತು ಎಂದ. ಚೈನಿನ ಸದ್ದು ಹೋಗ್ತಾ ಇತ್ತು, ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಗೇಟು ಹಿಡ್ಕೊಂಡು ನಿಂತಿದ್ದೆ, ಅದು ಕೇಳಿಸದೆ ಹೋದ ಮೇಲೇ ನಾನು ನಡೆಯೋಕೆ ಶುರು ಮಾಡಿದ್ದು ಎಂದ. ಆಮೇಲೆ, ಹೋಗು, ಹೇಳು ಎಂದ.

ಈ ಹೇಳಿಕೆಯನ್ನು ಬರೆದುಕೊಂಡ ಮುಖ್ಯಪೇದೆಯವರು ಓದಿ ಹೇಳಿದಾಗ, ಗೇಟಿನ ಬಳಿಯ ಮಾತಿನಲ್ಲಿ ಕೋಪದ ಭರದಲ್ಲಿ ಗಮನಿಸದೆ ಹೊರಟೆನು ಎಂದಿತ್ತು. ಹಾಗೆ ಬರೆದರೆ ನಿಮಗೇ ಒಳ್ಳೇದು ಯಜಮಾನ್ರೇ ಎಂದು ಅವರು ಹೇಳಿದರು. ಅವರ ಒಳ್ಳೆಯ ಮನಸ್ಸಿಗೆ ಋಣಿ. ಗಮನಿಸದೆ ಎಂಬುದನ್ನು ಹೊಡೆದುಹಾಕಿಸಿ, ಅಣ್ಣ ಹತ್ತಿಲ್ಲವೆಂದು ಗೊತ್ತಿದ್ದೇ ಹೊರಟೆನು ಎಂದು ಬರೆಸಿದ್ದೇನೆ. ತಿದ್ದಿದ ಜಾಗದಲ್ಲಿ ಬೇರೆಯಾಗಿ ಸಹಿ ಮಾಡಿದ್ದೇನೆ.

ಮೇಲೆ ಬರೆಸಿದ್ದೆಲ್ಲ ನಾನೇ ಹೇಳಿದ್ದು, ನಿಜ. ಭಾನುವಾರದ ಹೇಳಿಕೆಯನ್ನು ಇನ್ನು ಯಾರೂ ನನ್ನ ಮಾತೆಂದು ತೆಗೆದುಕೊಳ್ಳಬಾರದು.

ಸ್ಥಳ: ಠಾಣೆಯ ಬರಹಗಾರರ ಕೋಣೆ
ತಾರೀಖು: 14, ಬುಧವಾರ, ಬೆಳಿಗ್ಗೆ 11-40

(ಸಹಿ)
ಸೈಕಲ್ ರಿಪೇರಿ ಅಂಗಡಿಯವನು, ಗಾಯಾಳುವಿನ ತಮ್ಮ